ಅಜ್ಜಿಯ ಬಾಗಿಲು ಮತ್ತು ಪಾರ್ಲಿಮೆಂಟ್ ಟೀಮು

ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನಮ್ಮ ಕಬಡ್ಡಿ ಸಂಘದ ಜಂಟಿ ಕಾರ್ಯದರ್ಶಿಯಾದವಳು ನಾನು. ಮುಳಬಾಗಿಲಿನ ಮೈದಾನದಲ್ಲಿ ಹುಡುಗಿಯರಿಗೆ ಆಟ ಹೇಳಿಕೊಡುವವಳೂ ನಾನೇ. ಆದರೆ ಅದು ಸಂಘದವರಿಗೆ ಅಷ್ಟಾಗಿ ನೆನಪಿರುವುದಿಲ್ಲ.

ಕ್ರೀಡೆಯ ವಿಷಯ ನೋಡಿಕೊಳ್ಳುವ ಸಂಸದೀಯ ಸಮಿತಿ, ಆಂಧ್ರದ ಮೈದಾನಗಳನ್ನು ನೋಡಿ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ನಮ್ಮಲ್ಲೂ ಒಂದು ಗಂಟೆ ನಿಲ್ಲುತ್ತದೆ ಎಂದು ಸುದ್ದಿ ಬಂತು. ಅದರ ಹಿಂದೆಯೇ ಒಂದು ಪ್ರಶ್ನಾವಳಿ ಬಂತು. 'ಆಟಗಾರ್ತಿಯರಿಗೆ ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆ: ಇದೆ/ಇಲ್ಲ' ಎಂಬಲ್ಲಿ ನನ್ನ ಪೆನ್ನು ನಿಂತಿತು.

"ಇದೆ ಅಂತ ಬರಿಯಮ್ಮ," ಅಂದರು ಅಧ್ಯಕ್ಷರು.

"ಎಲ್ಲಿದೆ ಸಾರ್?"

"ಅಜ್ಜಿ ಮನೇಲಿಲ್ವಾ? ದೊಡ್ಡೋರು ನಮ್ಮೂರಿಗೆ ಬಂದಾಗ ಇಲ್ಲ ಅನ್ನಬಾರದು ಕಣಮ್ಮ."

ಅಜ್ಜಿ ಎಂದರೆ ಮೈದಾನದ ಹಿಂದಿನ ಮನೆಯವರು. ನಾನು ಆಡುತ್ತಿದ್ದ ಕಾಲದಿಂದಲೂ ಹುಡುಗಿಯರೆಲ್ಲ ಓಡುವುದು ಅವರ ಹಿತ್ತಿಲಿಗೇ. ಬಚ್ಚಲು, ಕಕ್ಕಸು ಎರಡೂ ಅಲ್ಲಿ ಒಂದೇ ಕೋಣೆ. ಅದರ ತಗಡಿನ ಬಾಗಿಲಿನ ಒಳಬದಿಯಲ್ಲಿ, ಗೆದ್ದ ಪಂದ್ಯಕ್ಕೊಂದರಂತೆ ಹೇರ್‌ಪಿನ್ನಿನಿಂದ ಗೀರು ಹಾಕುವುದು ನಮ್ಮ ಪದ್ಧತಿ. ಮೇಲಿನ ಮೂಲೆಯ ಏಳು ಗೀರುಗಳು ನನ್ನವು.

ಈಗ ಅಜ್ಜಿಯ ಮಗ ಆಷಾಢ ಕಳೆಯುತ್ತಲೇ ಮನೆ ಕೆಡವಿ ಅಂಗಡಿ ಕಟ್ಟಿಸುವವನಿದ್ದ. ಬೈರಕೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಒಳ್ಳೆಯ ರೈಡರ್ ಆಗಲೇ ಹೇಳಿಬಿಟ್ಟಿದ್ದಳು: "ಅಜ್ಜಿ ಮನೆ ಹೋದ್ರೆ ನಮ್ಮಮ್ಮ ಕಳಿಸಲ್ಲಕ್ಕಾ." ಅವಳ ಹಿಂದೆ ಉಳಿದವರೂ ಬಿಡುವವರೇ. ತಂಡವೇ ಇರುತ್ತಿರಲಿಲ್ಲ. ಅಷ್ಟೆಲ್ಲ ಗೊತ್ತಿದ್ದೂ ನಾನು ದುಂಡಗೆ 'ಇದೆ' ಎಂದು ಬರೆದೆ. ಆ ಎರಡಕ್ಷರಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸಮಿತಿ ಬಂದ ದಿನ, ಇದ್ದ ಒಂದು ಗಂಟೆಯಲ್ಲಿ ಮುಕ್ಕಾಲು ಪಾಲು ಸನ್ಮಾನಕ್ಕೇ ಹೋಯಿತು. ಪೇಟ, ಶಾಲು, ಹಾರ, ಶ್ರೀನಿವಾಸಪುರದ ಮಾವಿನ ಬುಟ್ಟಿ. ಸಾಲದ್ದಕ್ಕೆ ಶಿವಾರಪಟ್ಟಣದಲ್ಲಿ ಕೆತ್ತಿಸಿದ ಕಲ್ಲಿನ ಗಣಪತಿ. ಗಣಪತಿಯನ್ನು ಎತ್ತಲು ನಮ್ಮ ಇಬ್ಬರು ಡಿಫೆಂಡರುಗಳು ಬೇಕಾದರು. ಅವತ್ತು ಅವರು ಹಿಡಿದದ್ದು ಅವನೊಬ್ಬನನ್ನೇ. ಕೊನೆಗೆ ಸಮಿತಿಯ ಹಿರಿಯರು ಏನಾದರೂ ಕೊರತೆ ಇದೆಯೇ ಎಂದು ಕೇಳಿದರು. ಅಧ್ಯಕ್ಷರು ಕೈಮುಗಿದು, "ತಮ್ಮ ಆಶೀರ್ವಾದದಿಂದ ಏನೂ ಕೊರತೆಯಿಲ್ಲ ಸಾರ್," ಎಂದರು. ಊಟ ಆಯ್ತಾ ಎಂದರೆ ಹಸಿದ ಹೊಟ್ಟೆಯಲ್ಲೂ ಆಯ್ತು ಎನ್ನುವ ಜನ ನಾವು.

ಅಷ್ಟರಲ್ಲಿ ಸಮಿತಿಯ ಸಂಸದೆಯೊಬ್ಬರು, ತೆಲುಗಿನವರು, ನನ್ನ ಕಿವಿಯ ಹತ್ತಿರ ಬಗ್ಗಿ ಶೌಚಾಲಯ ಎಲ್ಲಿ ಎಂದರು. 'ಇದೆ' ಎಂದು ಬರೆದಾಗಿತ್ತಲ್ಲ, ತೋರಿಸಲೇಬೇಕು. ಅಜ್ಜಿಯ ಮನೆಗೆ ಕರೆದುಕೊಂಡು ಹೋದೆ. ಸಂಸದೆಯ ತಲೆಯ ಮೇಲೆ ಪೇಟ ಇನ್ನೂ ಹಾಗೇ ಇತ್ತು. ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಾವ ಟೀಮು ಎಂದು ತೆಲುಗಿನಲ್ಲೇ ವಿಚಾರಿಸಿದರು.

"ನುವ್ವು ಏ ಟೀಮಮ್ಮಾ?"

"ಪಾರ್ಲಿಮೆಂಟ್ ಅವ್ವಾ."

"ಗೆಲಿಚಾರಾ?" ಗೆದ್ದಿರಾ ಎಂದು.

"ಇಂಕಾ ಲೇದು," ಇನ್ನೂ ಇಲ್ಲ ಎಂದು ಸಂಸದೆ ನಕ್ಕುಬಿಟ್ಟರು.

ಗೆದ್ದ ಮೇಲೆ ಬಂದು ಬಾಗಿಲಿಗೆ ಒಂದು ಗೀರು ಹಾಕು ಎಂದು ಹೇಳಿ ಅಜ್ಜಿ ಚೊಂಬು ಕೊಟ್ಟರು.

ಹೊರಗೆ ಬಂದವರೇ ಸಂಸದೆ ಆ ಗೀರುಗಳು ಏನೆಂದು ಕೇಳಿದರು. ಹೇಳಿದೆ. ಬೈರಕೂರಿನ ಹುಡುಗಿಯ ಮಾತನ್ನೂ, ಅಜ್ಜಿಯ ಮಗ ಮನೆ ಕೆಡವಲಿರುವುದನ್ನೂ ಹೇಳಿದೆ. ಅವರು ಮೈದಾನಕ್ಕೆ ಮರಳಿ ನಮ್ಮ ಪ್ರಶ್ನಾವಳಿಯನ್ನು ತರಿಸಿ, ಇದು ಯಾರ ಬರಹ ಎಂದರು.

"ನಂದೇ ಮೇಡಂ."

ಅವರು ಬೈಯಲಿಲ್ಲ, ತಮ್ಮ ಪೆನ್ನನ್ನೇ ಕೊಟ್ಟರು. ಎಲ್ಲರೆದುರು 'ಇದೆ' ಹೊಡೆದುಹಾಕಿ 'ಇಲ್ಲ' ಎಂದು ಬರೆದೆ. ಈ ಸಲ ಅಕ್ಷರ ಸೊಟ್ಟಗಾಯಿತು. ಅಧ್ಯಕ್ಷರು ಇಂಗು ತಿಂದ ಮಂಗನಂತೆ ನಿಂತಿದ್ದರು.

ಸಮಿತಿಯ ದಪ್ಪ ವರದಿಯಲ್ಲಿ ನಮ್ಮ ಮೈದಾನಕ್ಕೆ ಸಿಕ್ಕಿದ್ದು ಒಂದೂವರೆ ಸಾಲು. ಶೌಚಾಲಯ ಮಂಜೂರಾಗಲು ಅಷ್ಟೇ ಸಾಕಾಯಿತು. ಆದರೆ ಸರ್ಕಾರದ ಕೆಲಸ, ಎರಡು ಆಷಾಢ ಕಳೆದವು. ಅಲ್ಲಿಯವರೆಗೆ ಅಜ್ಜಿ ತಮ್ಮ ಮಗನಿಗೆ ಹಿತ್ತಿಲಿನ ಒಂದು ಇಟ್ಟಿಗೆಯನ್ನೂ ಮುಟ್ಟಲು ಬಿಡಲಿಲ್ಲ. ಕೊನೆಗೂ ಕೋಣೆ ಎದ್ದಿತು. ಗೋಡೆ, ಸೂರು, ನಲ್ಲಿ ಎಲ್ಲ ಬಂದವು. ಬಾಗಿಲು ಮಾತ್ರ ಎಸ್ಟಿಮೇಟಿನಲ್ಲೇ ಇರಲಿಲ್ಲ!

"ನಮ್ದೇ ತಗೊಂಡೋಗ್ರೇ, ನಂಗಿನ್ಯಾಕೆ?" ಅಂದರು ಅಜ್ಜಿ. ಹುಡುಗಿಯರು ಆ ತಗಡಿನ ಬಾಗಿಲನ್ನು ಕಿತ್ತು, ಕಪ್ ಗೆದ್ದವರ ಹಾಗೆ ತಲೆಯ ಮೇಲೆ ಹೊತ್ತು ತಂದರು.

ಬಾಗಿಲು ಕೂರಿಸಿದ ಸಂಜೆ ನಾನೊಬ್ಬಳೇ ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ನನ್ನ ಏಳು ಗೀರುಗಳು ಹಾಗೇ ಇದ್ದವು. ಅಳು ಬಂತು, ಅತ್ತುಬಿಟ್ಟೆ. ಆಮೇಲೆ ತಲೆಯಿಂದ ಪಿನ್ನು ತೆಗೆದು, ಬೈರಕೂರಿನ ಹುಡುಗಿಯ ಗೀರುಗಳ ಪಕ್ಕದಲ್ಲಿ ಪಾರ್ಲಿಮೆಂಟ್ ಟೀಮಿಗೂ ಒಂದು ಗೀರು ಹಾಕಿದೆ.