ಅಕ್ಕ ಹೇಳಿದ್ದರಲ್ಲಿ ಅರ್ಧ

ಮೊನ್ನೆ ಬಿಕರ್ನಕಟ್ಟೆಯಲ್ಲಿ ಬಸ್ಸು ಹತ್ತಿದ ಕಾಲೇಜು ಹುಡುಗಿಯೊಬ್ಬಳ ಹಾಕಿ ಕೋಲು ಸರಿಯಾಗಿ ನನ್ನ ಮೊಣಕಾಲಿಗೆ ಬಡಿಯಿತು. ಅವಳು "ಸಾರಿ ಅಜ್ಜ" ಎಂದು ಕೋಲನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಳು. ಅದನ್ನು ಕಂಡದ್ದೇ ತಡ, ಹಿಂದಿನ ಸೀಟಿನ ಇಬ್ಬರು ಗಂಡಸರಿಗೆ ಹಾಕಿ ನೆನಪಾಯಿತು. ಅವರು ಆಡುವವರಲ್ಲ ಎಂಬುದಕ್ಕೆ ಹೊಟ್ಟೆಗಳೇ ಸಾಕ್ಷಿ. ಕಂಕನಾಡಿ ಬರುವುದರೊಳಗೆ ದೇಶದ ಟೀಮಿನಿಂದ ನಾಲ್ವರನ್ನು ಕಿತ್ತುಹಾಕಿ, ಹೊಸಬನೊಬ್ಬ ಯಾವುದಕ್ಕೂ ಆಗದವನೆಂದು ತೀರ್ಮಾನಿಸಿ, ಮೀನಿನ ದರದ ಮಾತಿಗೆ ಇಳಿದರು. ನಾನು ಮೊಣಕಾಲು ಉಜ್ಜಿಕೊಳ್ಳುತ್ತ ಕುಳಿತೆ. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. ಈ ಉದ್ಯೋಗವನ್ನು ಒಂದು ಕಾಲದಲ್ಲಿ ನಾನು ಅವರಿಗಿಂತ ಹೆಚ್ಚು ನಿಷ್ಠೆಯಿಂದ ಮಾಡಿದ್ದೇನೆ.

ಬ್ರಿಟಿಷರು ಇನ್ನೂ ಇದ್ದ ಕಾಲ. ನಮ್ಮ ಮನೆ ಮೈದಾನದ ಅಂಚಿನಲ್ಲಿತ್ತು. ನಮ್ಮ ಮನೆ ಎಂದೆ. ಅದು ನನ್ನ ಅಕ್ಕ ಕಮಲಕ್ಕನ ಮನೆ. ನಮ್ಮಲ್ಲಿ ಮನೆ ಹೆಣ್ಣುಮಕ್ಕಳ ಕಡೆಯಿಂದ ಬರುವುದು. ಭಾವ ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದರು. ನಾನು ಅಕ್ಕನ ಅನ್ನ ತಿಂದು, ಅಕ್ಕನ ಜಗಲಿಯಲ್ಲಿ ಕುಳಿತು, ಊರಿನ ಹಾಕಿ ಟೀಮನ್ನು ನಡೆಸುತ್ತಿದ್ದೆ. ಟೀಮಿಗೆ ಮಾತ್ರ ಈ ವಿಷಯ ಗೊತ್ತಿರಲಿಲ್ಲ.

ಈ ಆಡಳಿತದಲ್ಲಿ ನನಗಿದ್ದ ಸಹಾಯಕರು ಇಬ್ಬರು. ಒಬ್ಬರು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಸಂಜೀವ ಮಾಸ್ಟ್ರು. ಇನ್ನೊಬ್ಬರು ಬಟ್ಟೆ ಅಂಗಡಿಯ ವಾಸು ಪೈ. ಮೂವರಲ್ಲಿ ಹಾಕಿ ಕೋಲು ಹಿಡಿದ ಅನುಭವ ಪೈಗಳಿಗೆ ಮಾತ್ರ ಇತ್ತು. ಒಮ್ಮೆ ಅಂಗಡಿಗೆ ನುಗ್ಗಿದ ದನವನ್ನು ಅದರಿಂದ ಓಡಿಸಿದ್ದರು. ಸಂಜೆ ಐದಕ್ಕೆ ಸಭೆ ಸೇರುತ್ತಿತ್ತು. ಅಕ್ಕ ಕಾಫಿ ತಂದಿಟ್ಟು ಮಾಳಿಗೆಗೆ ಹೋಗುತ್ತಿದ್ದಳು. ಒಣಗಿದ ಬಟ್ಟೆ ಮಡಿಸಲು ಹೋಗುತ್ತಾಳೆಂದು ನಾವು ತಿಳಿದಿದ್ದೆವು. ಒಂದು ರಾಶಿ ಬಟ್ಟೆ ಮಡಿಸಲು ಆಟ ಮುಗಿಯುವವರೆಗೂ ಏಕೆ ಬೇಕು ಎಂದು ಮೂವರು ಮೇಧಾವಿಗಳಲ್ಲಿ ಒಬ್ಬನೂ ಯೋಚಿಸಲಿಲ್ಲ. ಮಾಳಿಗೆಯ ಕಿಟಕಿಯಿಂದ ಇಡೀ ಮೈದಾನ ಕಾಣುತ್ತಿತ್ತು. ನಮ್ಮ ಜಗಲಿಯಿಂದ ಕಾಣುತ್ತಿದ್ದದ್ದು ಒಂದು ಗೋಲುಕಂಬ ಮತ್ತು ಒಂದು ಮರ.

ಆ ವರ್ಷ ನಮ್ಮ ರೈಟ್ ವಿಂಗ್ ಆಟಗಾರನಿಗೆ ಮದರಾಸಿನಲ್ಲಿ ಕೆಲಸವಾಗಿ ಜಾಗ ಖಾಲಿಯಾಯಿತು. ಕಣ್ಣೂರಿನ ಟೀಮಿನೊಡನೆ ಕಪ್ಪಿನ ಆಟಕ್ಕೆ ಒಂದು ತಿಂಗಳಿತ್ತು. ಕ್ಯಾಪ್ಟನ್ ಲೋಬೋ, ಕಡಿಮೆ ಮಾತಿನ ಮನುಷ್ಯ, ನಮ್ಮನ್ನು ಒಂದು ಮಾತೂ ಕೇಳದೆ ಉಳ್ಳಾಲದ ಹಸನ್ ಎಂಬ ಬ್ಯಾರಿ ತರುಣನನ್ನು ಆ ಜಾಗಕ್ಕೆ ತಂದ. ಹಸನ್ ಬಂದರಿನ ಒಂದು ಮಂಡಿಯಲ್ಲಿ ಗುಮಾಸ್ತ. ದಿನವೂ ದೋಣಿಯಲ್ಲಿ ಹೊಳೆ ದಾಟಿ ಬರುತ್ತಿದ್ದ. ಚೆಂಡು ಸಿಕ್ಕಿತೆಂದರೆ ಅವನ ಓಟ ನೋಡಲು ದಾರಿಹೋಕರೂ ನಿಲ್ಲುತ್ತಿದ್ದರು. ಆದರೆ ಚೆಂಡು ಸಿಗಬೇಕಲ್ಲ! ಮೊದಲ ಆಟದಲ್ಲೇ ನಡುವಿನಿಂದ ಬಂದ ನಾಲ್ಕು ಪಾಸುಗಳು ಅವನ ಕಾಲಬುಡದಲ್ಲೇ ಗೆರೆ ದಾಟಿ ಹೋದವು. ಅವನು ಒಂದಕ್ಕೂ ಕೋಲು ತಾಗಿಸಲಿಲ್ಲ.

ನಮಗೆ ಹಬ್ಬವೇ ಆಯಿತು.

"ಧೈರ್ಯ ಇಲ್ಲ ಮಾರಾಯ್ರೆ, ಜನ ಕಂಡ್ರೆ ಹೆದರಿಕೆ" ಎಂದರು ಮಾಸ್ಟ್ರು.

"ಹೆದರಿಕೆ ಅಲ್ಲ, ಅಹಂಕಾರ. ಕಾಲಿಗೆ ಬಂದದ್ದು ಬೇಡ ಅವನಿಗೆ, ಕೈಗೇ ಕೊಡ್ಬೇಕು" ಎಂದರು ಪೈಗಳು.

ಹೆದರಿಕೆಯೋ ಅಹಂಕಾರವೋ ಎಂಬ ಚರ್ಚೆ ಎಂಟು ದಿನ ನಡೆಯಿತು. ಒಂಬತ್ತನೆಯ ದಿನ ಮಧ್ಯಾಹ್ನ, ನನಗೆ ಬಡಿಸುತ್ತಿದ್ದ ಅಕ್ಕ ಕೇಳಿದಳು:

"ಆ ಹಸನನ ವಿಷಯ ಎಂತ ಅಷ್ಟು ಜಗಳ ನಿಮ್ಮದು? ಅವನಿಗೆ ಎಡಗಣ್ಣು ಕಾಣುದಿಲ್ಲ. ಪಾಸು ಬರುವಾಗ ಕುತ್ತಿಗೆ ಇಡೀ ತಿರುಗಿಸ್ತಾನೆ, ನೋಡಿಲ್ವಾ? ಬಲಬದಿಯಲ್ಲಿ ಓಡುವವನಿಗೆ ಆಟ ಎಲ್ಲ ಎಡಕ್ಕೆ. ಲೋಬೋ ಹತ್ತಿರ ಹೇಳು, ಅವನನ್ನು ಎಡಬದಿಗೆ ಹಾಕಲಿಕ್ಕೆ. ಅಲ್ಲಿ ಆಟ ಎಲ್ಲ ಬಲಕ್ಕೆ ಬರ್ತದೆ, ಅವನಿಗೆ ಎಲ್ಲ ಕಾಣ್ತದೆ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅಕ್ಕನ ಬುದ್ಧಿಗೆ ಬೆರಗಾಗಿ ಅಲ್ಲ. ಅಂದು ಸಂಜೆ ಮಾಸ್ಟ್ರನ್ನೂ ಪೈಗಳನ್ನೂ ಒಂದೇ ಏಟಿಗೆ ಮಲಗಿಸಬಹುದಲ್ಲ ಎಂಬ ಸಂತೋಷಕ್ಕೆ.

ಸಂಜೆ ಕಾಲಿನ ಮೇಲೆ ಕಾಲು ಹಾಕಿ ಕುಳಿತು, "ನಾನು ಬಹಳ ದಿನದಿಂದ ಗಮನಿಸ್ತಾ ಇದ್ದೇನೆ. ಅವನಿಗೆ ಒಂದು ಕಣ್ಣಿಲ್ಲ" ಎಂದೆ. ಮಾಸ್ಟ್ರೂ ಪೈಗಳೂ ಕಾಫಿ ಕೆಳಗಿಟ್ಟು ನನ್ನ ಹತ್ತಿರ ಸರಿದರು. ಜೀವನದಲ್ಲಿ ನಾನು ಕೊಟ್ಟ ಯಾವ ಅಭಿಪ್ರಾಯಕ್ಕೂ ಅಷ್ಟು ಗೌರವ ಸಿಕ್ಕಿರಲಿಲ್ಲ. ಆ ಗೌರವದ ಅಮಲಿನಲ್ಲೇ ಮೈದಾನಕ್ಕೆ ನಡೆದು ಲೋಬೋನ ಕಿವಿಯಲ್ಲೂ ಅಷ್ಟನ್ನೇ ಹೇಳಿದೆ. ಉಳಿದ ಅರ್ಧ ಮಾತು ಮರೆತುಹೋಯಿತೇ? ಮರೆತಿರಲಿಲ್ಲ. ಎಡಬದಿಗೆ ಹಾಕಿ ಎಂದರೆ ಏಕೆ, ಹೇಗೆ ಎಂದು ಅವನು ಕೇಳಿಯಾನು; ನನಗೆ ಅದು ಸರಿಯಾಗಿ ಅರ್ಥವಾಗಿರಲಿಲ್ಲ. ಅಕ್ಕನನ್ನು ಕೇಳಿ ಹೇಳುತ್ತೇನೆ ಎನ್ನುವುದಕ್ಕಿಂತ ಸುಮ್ಮನಿರುವುದು ಮರ್ಯಾದೆ ಎನಿಸಿತು.

ಲೋಬೋ ಹಸನನನ್ನು ಕರೆದು ಪರೀಕ್ಷಿಸಿದ. ಎಂಟು ವರ್ಷದವನಿದ್ದಾಗ ದೋಣಿಯ ಹಗ್ಗ ತುಂಡಾಗಿ ಹೊಡೆದ ಪೆಟ್ಟಿಗೆ ಎಡಗಣ್ಣಿನ ದೃಷ್ಟಿ ಹೋಗಿತ್ತು. ಹೊರಗೆ ಏನೂ ಕಾಣುತ್ತಿರಲಿಲ್ಲ. ತಾಯಿಯನ್ನು ಬಿಟ್ಟು ಯಾರಿಗೂ ಅವನು ಹೇಳಿರಲಿಲ್ಲ. ಲೋಬೋ ಅವನನ್ನು ಬೈಯಲಿಲ್ಲ, ಟೀಮಿನಿಂದ ಬಿಟ್ಟ ಅಷ್ಟೆ. ಮೂರು ದಿನಗಳಲ್ಲಿ ಬಂದರಿನ ಉದ್ದಕ್ಕೂ ಅವನಿಗೆ 'ಒಕ್ಕಣ್ಣ' ಎಂಬ ಹೆಸರು ಬಿದ್ದಿತ್ತು. ಮಂಡಿಯ ಕೂಲಿಯವರು ಬೇಕೆಂದೇ ಅವನ ಎಡಗಡೆ ಬಂದು ನಿಂತು ಕೂಗಿ ನಗುತ್ತಿದ್ದರಂತೆ. ಸಂಜೆ ಅಭ್ಯಾಸದ ಹೊತ್ತಿಗೆ ಅವನು ಮೈದಾನದ ಆಚೆ ತುದಿಯ ಮರದ ಹಿಂದೆ ಬರಿಗೈಯಲ್ಲಿ ನಿಂತಿರುತ್ತಿದ್ದ. ಇದನ್ನು ಕಂಡವಳೂ ಅಕ್ಕನೇ.

"ನಾನು ಹೇಳಿದ್ದು ಅವನನ್ನು ತೆಗೀಲಿಕ್ಕಾ?" ಎಂದು ಕೇಳಿದಳು. ನಾನು ಚಟ್ನಿಯನ್ನು ಹೊಗಳಿದೆ.

"ಹೋಗು. ಉಳಿದದ್ದೂ ಹೇಳಿ ಬಾ."

"ನಾಳೆ ಹೋಗ್ತೇನೆ ಅಕ್ಕ" ಎಂದೆ. ಮರುದಿನವೂ ಹಾಗೆಯೇ ಎಂದೆ. ಹೀಗೆ ಆರು ದಿನ.

ಏಳನೆಯ ಸಂಜೆ ಸಭೆ ತುಂಬಿರುವಾಗ ಅಕ್ಕ ಸೀರೆ ಬದಲಿಸಿ, ಕೊಡೆ ಹಿಡಿದು ಮೆಟ್ಟಿಲಿಳಿದಳು. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಅವಳು ನೆಟ್ಟಗೆ ಮೈದಾನದ ನಡುವಿಗೆ ನಡೆದಳು. ಚೆಂಡು ಎಲ್ಲಿತ್ತೋ ಅಲ್ಲೇ ನಿಂತಿತು. ಇಪ್ಪತ್ತೆರಡು ಗಂಡಸರು ಕೋಲುಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಅವಳು ಏನು ಹೇಳಿದಳೆಂದು ಲೋಬೋ ಬಹಳ ವರ್ಷಗಳ ನಂತರ ನನಗೆ ತಿಳಿಸಿದ:

"ನನ್ನ ತಮ್ಮ ನಿಮಗೆ ಅರ್ಧ ಹೇಳಿದ್ದಾನೆ. ಇನ್ನರ್ಧ ಹೇಳಲಿಕ್ಕೆ ಬಂದೆ."

ಮರುದಿನ ಲೋಬೋ ತಾನೇ ದೋಣಿ ದಾಟಿ ಹೋಗಿ ಹಸನನನ್ನು ಕರೆತಂದ. ಲೆಫ್ಟ್ ವಿಂಗ್‌ನವನನ್ನು ಬಲಕ್ಕೆ ಸರಿಸಿ ಇವನನ್ನು ಅಲ್ಲಿ ನಿಲ್ಲಿಸಿದ. ಕಪ್ಪನ್ನು ನಾವೇ ಗೆದ್ದೆವೆಂದು ಬರೆಯಲು ಕೈ ತುರಿಸುತ್ತದೆ. ಗೆಲ್ಲಲಿಲ್ಲ. ಎರಡಕ್ಕೆ ಮೂರು ಗೋಲಿನಿಂದ ಸೋತೆವು. ಆದರೆ ನಮ್ಮ ಎರಡೂ ಗೋಲು ಹಸನ್ ಹೊಡೆದದ್ದು. ಕಣ್ಣೂರಿನವರೇ ಅವನನ್ನು ಎತ್ತಿ ಕುಣಿಸಿದರು.

ಆಟದ ಮರುದಿನ ಸಂಜೀವ ಮಾಸ್ಟ್ರು ಪೇಟೆಯಿಡೀ ತಿರುಗಿ, "ಅವನ ಕಣ್ಣಿನ ವಿಷಯ ಮೊದಲು ಕಂಡುಹಿಡಿದದ್ದು ನಾನೇ" ಎಂದು ಸಾರಿದರು. ನನಗೆ ಮೈಯೆಲ್ಲ ಉರಿಯಿತು. ನಾನು ಕಷ್ಟಪಟ್ಟು ಕದ್ದದ್ದನ್ನು ಇವರು ಎಷ್ಟು ಸುಲಭವಾಗಿ ಕದ್ದರಲ್ಲ! ಆದರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಅಕ್ಕ ಮಾಳಿಗೆಯಿಂದ ಕೆಳಗಿಳಿಯುತ್ತಿದ್ದಳು.

ಒಂದು ವಾರದ ನಂತರ ಹಸನ್ ಒಂದು ಜೊತೆ ದೊಡ್ಡ ಅಂಜಲ್ ಮೀನು ಹಿಡಿದು ನಮ್ಮ ಅಂಗಳಕ್ಕೆ ಬಂದ. ನಾನು ಒಳಗೆ ಬಾಗಿಲ ಸಂದಿಯಲ್ಲಿ ನಿಂತೆ.

"ಎಡಬದಿಗೆ ಹಾಕಿ ಅಂತ ನೀವೇ ಹೇಳಿದ್ದಂತೆ. ನಿಮಗೆ ಹೇಗೆ ಗೊತ್ತಾಯ್ತು ಅಕ್ಕ?" ಎಂದು ಕೇಳಿದ.

ಅಕ್ಕನನ್ನು ಈ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವನು.

"ನಮ್ಮ ತಂದೆಯ ಕೋಣ ಒಂದಕ್ಕೆ ಎಡಗಣ್ಣು ಇರಲಿಲ್ಲ ಮಗ. ಬಲಬದಿಗೆ ಕಟ್ಟಿದ್ರೆ ಜೋಡಿ ಕೋಣ ಕಾಣದೆ ಗಾಬರಿಯಾಗ್ತಿತ್ತು. ಎಡಬದಿಗೆ ಕಟ್ಟಿದ ಮೇಲೆ ಇಡೀ ಗದ್ದೆ ಉತ್ತಿತು. ಬೇಜಾರು ಮಾಡ್ಬೇಡ, ಕೋಣಕ್ಕೆ ಹೋಲಿಸಿದೆ ಅಂತ."

ಹಸನ್ ಬಿದ್ದು ಬಿದ್ದು ನಕ್ಕ. ನಾನು ಬಾಗಿಲ ಸಂದಿಯಿಂದ ಹೊರಗೆ ಬರಲಿಲ್ಲ.

ಮೊನ್ನೆ ಬಸ್ಸಿನಿಂದಿಳಿದು, ನಾನೂ ಅಕ್ಕನೂ ಈಗಿರುವ ಅತ್ತಾವರದ ಮನೆಗೆ ಬಂದವನು ಇಷ್ಟನ್ನೂ ಬರೆದು ಅಕ್ಕನಿಗೆ ಓದಿ ಹೇಳಿದೆ. ಅವಳಿಗೀಗ ಎಂಬತ್ತು ದಾಟಿದೆ. ಪೂರ್ತಿ ಕೇಳಿ, "ನೀನು ಅವನ ಹತ್ತಿರ ತಪ್ಪಾಯ್ತು ಅಂತ ಹೇಳಿದ್ದನ್ನು ಯಾಕೆ ಬರೀಲಿಲ್ಲ?" ಎಂದಳು.

"ಹೇಳಿರಲಿಲ್ಲ."

"ಗೊತ್ತುಂಟು. ಅದಕ್ಕೇ ಕೇಳಿದ್ದು."

ನಿನ್ನೆ ಉಳ್ಳಾಲಕ್ಕೆ ಹೋದೆ. ಹಸನ್ ಮಗನ ಅಂಗಡಿಯ ಮುಂದೆ ಕುರ್ಚಿ ಹಾಕಿ ಕುಳಿತಿದ್ದ. ಎಡಗಡೆಯಿಂದ ಹೋದ ನನ್ನನ್ನು ಗಮನಿಸಲಿಲ್ಲ. ಸುತ್ತಿ ಬಂದು ಬಲಗಡೆ ನಿಂತು, ಕಮಲಕ್ಕನ ತಮ್ಮ ಎಂದೆ. ಎದ್ದು ಎರಡೂ ಕೈ ಹಿಡಿದುಕೊಂಡ. ಕುಳಿತು ಚಹಾ ಬರುವ ಮೊದಲೇ ಹೇಳಿಬಿಟ್ಟೆ: ಕಣ್ಣಿನ ವಿಷಯ ಊರಿಗೆ ಹೇಳಿದವನು ನಾನು, ತಪ್ಪಾಯಿತು.

ಅವನು ನನ್ನ ಕಡೆ ತಿರುಗಿದ. ಕೋಪವೇನೂ ಇರಲಿಲ್ಲ.

"ನೀವಾ?" ಎಂದ. "ನಾನು ಮಾಸ್ಟ್ರು ಅಂತ ಮಾಡಿದ್ದೆ. ಅವರೇ ಪೇಟೆಯಲ್ಲಿ ಹೇಳ್ತಾ ಇದ್ರಲ್ಲ. ಅವರು ಸಾಯುವವರೆಗೆ ನಾನು ಅವರಿಗೆ ಮುಖ ಕೊಟ್ಟು ಮಾತಾಡ್ಲಿಲ್ಲ. ಒಮ್ಮೆ ದೋಣಿಯಲ್ಲಿ ಪಕ್ಕದಲ್ಲೇ ಕೂತು, ನನ್ನ ಮೇಲೆ ಯಾಕೆ ಸಿಟ್ಟು ಹಸನ್ ಅಂತ ಕೇಳಿದ್ರು. ನಾನು ಎದ್ದು ಆಚೆ ಹೋಗಿ ಕೂತೆ. ಪಾಪ."

ಚಹಾ ಬಂತು. ಇಬ್ಬರೂ ಕುಡಿದೆವು. ಮಾಸ್ಟ್ರ ಮಗಳು ಬಂಟ್ವಾಳದಲ್ಲಿದ್ದಾಳಂತೆ. ಭಾನುವಾರ ಅಲ್ಲಿಗೆ ಹೋಗುವುದೆಂದು ಮಾತಾಗಿದೆ. ಹಸನ್ ತಾನೂ ಬರುತ್ತೇನೆ ಎಂದಿದ್ದಾನೆ.