ಜೀಪಿನ ಫ್ಯಾನೂ ಭಟ್ಟರ ಆರತಿಯೂ

ಫ್ಯಾನಿನ ಯೋಗ್ಯತೆಯನ್ನು ನಾನು ಮುಖದಿಂದ ಅಳೆಯುವವನು. ಇದು ನನ್ನೊಬ್ಬನ ದೋಷವಲ್ಲ, ಉಡುಪಿಯ ಸೆಕೆಯ ದೋಷ. ಮದುವೆಯ ಹಾಲ್‌ಗೆ ಹೋದರೆ ನಮ್ಮ ಕಣ್ಣು ಮೊದಲು ಹುಡುಕುವುದು ವಧೂವರರನ್ನಲ್ಲ, ಫ್ಯಾನನ್ನು. ಮುಖಕ್ಕೆ ಗಾಳಿ ಬಡಿಯಿತೋ, ಒಳ್ಳೆಯ ಫ್ಯಾನು, ಬಡಿಯಲಿಲ್ಲವೋ, ದಂಡ. ಇಷ್ಟೇ ಶಾಸ್ತ್ರವನ್ನು ನಂಬಿಕೊಂಡು ಜೀಪಿಗೆ ಎಲೆಕ್ಟ್ರಿಕ್ ಫ್ಯಾನು ಕೂರಿಸಲು ಹೊರಟವನ ಕಥೆ ಇದು. ಅದನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ.

ನಾನು ಮಣಿಪಾಲದಲ್ಲಿ ಹಲ್ಲಿನ ಡಾಕ್ಟರು. ವಾರವಿಡೀ ಇನ್ನೊಬ್ಬರ ಬಾಯಿಯಷ್ಟೇ ಅಗಲದ ಜಾಗದಲ್ಲಿ ಕೆಲಸ ಮಾಡುವವನಿಗೆ ಭಾನುವಾರವಾದರೂ ಕೈಕಾಲು ಬೀಸಿ ಒದ್ದಾಡಬೇಕೆನಿಸುತ್ತದೆ. ಅದಕ್ಕೊಂದು ಹಳೆಯ ಜೀಪು. ಗೆಳೆಯರೊಂದಿಗೆ ಹೆಬ್ರಿಯ ಆಚೆ ರಸ್ತೆಯೇ ಇಲ್ಲದ ಕಡೆ ಹೋಗುವುದು, ಹೊಳೆಗೆ ಇಳಿಯುವುದು, ಕೆಸರಿನಲ್ಲಿ ಹೂತುಕೊಳ್ಳುವುದು, ಹಗ್ಗ ಕಟ್ಟಿ ಎಳೆಸಿಕೊಂಡು ಮನೆಗೆ ಬರುವುದು. ಇದು ಮನರಂಜನೆ ಎಂದು ಹೆಂಡತಿ ವನಜಳನ್ನು ಒಪ್ಪಿಸಲು ನನ್ನಿಂದ ಇವತ್ತಿಗೂ ಆಗಿಲ್ಲ.

ಜೀಪಿನ ಎಂಜಿನ್ನನ್ನು ತಣಿಸುವ ಹಳೆಯ ಫ್ಯಾನು ಬೆಲ್ಟಿನ ಮೂಲಕ ಎಂಜಿನ್ನಿನ ಜೊತೆಗೇ ತಿರುಗುವಂಥದ್ದು. ಹೊಳೆಗೆ ಇಳಿದಾಗಲೂ ನಿಲ್ಲುವುದಿಲ್ಲ. ನೀರನ್ನು ಬಾಚಿ ಎಂಜಿನ್ನಿನ ಮೈಮೇಲೆಲ್ಲ ಎರಚಿ ಗಾಡಿಯನ್ನು ನಡುನೀರಿನಲ್ಲಿ ಕೂರಿಸಿಬಿಡುತ್ತದೆ. ಎಲೆಕ್ಟ್ರಿಕ್ ಫ್ಯಾನಾದರೆ ಬ್ಯಾಟರಿಯಿಂದ ತಿರುಗುತ್ತದೆ, ಹೊಳೆ ಬಂದಾಗ ಸ್ವಿಚ್ ಒತ್ತಿ ನಿಲ್ಲಿಸಬಹುದು. ಉಳಿದ ಹೊತ್ತಿನಲ್ಲಿ ರೇಡಿಯೇಟರಿನ ನೀರು ಬಿಸಿಯಾದ ಕೂಡಲೇ ತಾನಾಗಿ ಹೊರಡುತ್ತದೆ, ಎಂಜಿನ್ ಬಂದ್ ಆಗಿದ್ದರೂ. ಗುಜರಿಯಿಂದ ಯಾವುದೋ ಕಾರಿನ ಜೋಡಿ ಫ್ಯಾನು ತಂದು ರೇಡಿಯೇಟರಿನ ಹಿಂದೆ ನಾನೇ ಕೂರಿಸಿದೆ. ಮೆಕ್ಯಾನಿಕ್ಕಿನ ಬಳಿ ಹೋಗಲು ಅಹಂಕಾರ ಬಿಡಲಿಲ್ಲ. ಒಂದೊಂದಕ್ಕೆ ಎರಡೆರಡು ತಂತಿ. ಮನೆಯ ಟೇಬಲ್ ಫ್ಯಾನಿನ ಪ್ಲಗ್ಗನ್ನು ಹೇಗೆ ಸಿಕ್ಕಿಸಿದರೂ ತಿರುಗುತ್ತದಲ್ಲ, ಇವಕ್ಕೂ ಹಾಗೆಯೇ ಕೈಗೆ ಬಂದಂತೆ ಸಿಕ್ಕಿಸಿದೆ. ಎಂಜಿನ್ ಬಿಸಿಯಾಗುವವರೆಗೆ ಕಾದು ಜೀಪಿನ ಎದುರು ನಿಂತೆ. ಅಬ್ಬಾ, ಎಂಥ ಗಾಳಿ! ವನಜಳನ್ನೂ ಕರೆದು ನಿಲ್ಲಿಸಿದೆ. “ಬಿಸಿ ಉಂಟು, ಆದರೆ ಗಾಳಿ ಜೋರುಂಟು ಮಾರಾಯ್ರೆ” ಎಂದಳು. ನನ್ನ ಜೀಪಿನ ಬಗ್ಗೆ ಆಕೆ ಆಡಿದ ಮೊದಲ ಒಳ್ಳೆಯ ಮಾತು ಅದು.

ಅಂದಿನಿಂದ ಜೀಪು ಕುದಿಯತೊಡಗಿತು. ಅಂಗಳದಲ್ಲಿ ನಿಂತಿದ್ದರೆ ಹೇಗೋ ಸುಧಾರಿಸಿಕೊಳ್ಳುತ್ತಿತ್ತು. ಹೆದ್ದಾರಿಗೆ ಹತ್ತಿಸಿ ವೇಗ ಹೆಚ್ಚಿಸಿದರೆ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರುತ್ತಿತ್ತು. ಓಡಿದಷ್ಟೂ ಗಾಳಿಗೆ ತಣಿಯಬೇಕಾದ ಗಾಡಿ ಓಡಿದಷ್ಟೂ ಬೇಯುವುದೆಂದರೆ ಇದೆಂಥ ನ್ಯಾಯ? ರೇಡಿಯೇಟರ್ ತೊಳೆಸಿದೆ, ನೀರಿನ ಪೈಪು ಬದಲಿಸಿದೆ, ಫ್ಯಾನಿನ ಎದುರು ಮತ್ತೆ ಮತ್ತೆ ಮುಖವೊಡ್ಡಿ ನೋಡಿದೆ. ಗಾಳಿಗೆ ಏನೂ ಕೊರತೆಯಿರಲಿಲ್ಲ. ಒಂದು ದಿನ ನೆಂಟರ ಮದುವೆಗೆ ಹೊರಟವರು ರೇಷ್ಮೆ ಸೀರೆ, ಮಲ್ಲಿಗೆ ಸಮೇತ ಹೆದ್ದಾರಿಯ ಬದಿಯಲ್ಲಿ ಹಬೆಯ ನಡುವೆ ನಿಂತೆವು. ವನಜ ಅಲ್ಲೇ ತೀರ್ಪು ಕೊಟ್ಟಳು: “ಇನ್ನೊಮ್ಮೆ ಕುದಿದರೆ ಇದನ್ನು ಮಾರುವುದು. ಉಚ್ಚಿಲದ ಅಣ್ಣ ಗಿರಾಕಿ ನೋಡಿ ಇಟ್ಟಿದ್ದಾನೆ.” ನಾನು ಹೂಂ ಎಂದೆ. ಹೇಳುತ್ತಲೇ ಕರವಸ್ತ್ರ ತೆಗೆದು ಜೀಪಿನ ಧೂಳು ಒರೆಸತೊಡಗಿದೆ. ಒಂದು ಕಬ್ಬಿಣದ ಡಬ್ಬಿಗಾಗಿ ಗಂಡಸು ಹೀಗೆ ಸಂಕಟಪಡಬಾರದು ಎಂಬುದು ನನಗೂ ಗೊತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಮಾರುವ ಮೊದಲು ಕೊನೆಯದೊಂದು ಪೂಜೆಯಾದರೂ ಆಗಲಿ ಎಂದು ಜೀಪನ್ನು ಮೆಲ್ಲಗೆ, ಮುಳ್ಳಿನ ಮೇಲೆ ಕಣ್ಣಿಟ್ಟುಕೊಂಡೇ, ಕಾಪುವಿನ ಒಂದು ದೇವಸ್ಥಾನಕ್ಕೆ ತಂದೆ. ಅಂಗಳದ ತುಂಬ ಗಾಡಿಗಳು, ಜನ. ಎಂಜಿನ್ ಬಂದ್ ಮಾಡಿ ಕೈಮುಗಿದು ನಿಂತೆ. ಭಟ್ಟರು ಜೀಪಿನ ಮೂತಿಗೆ ಸೇವಂತಿಗೆ ಮಾಲೆ ಹಾಕಿದರು, ಚಕ್ರದಡಿ ಲಿಂಬೆಹಣ್ಣು ಇಟ್ಟರು, ಕರ್ಪೂರ ಹೊತ್ತಿಸಿ ಆರತಿ ಎತ್ತಿದರು. ಆಗ, ಯಾರೂ ಮುಟ್ಟದೆ, ಕೀಲಿ ನನ್ನ ಕಿಸೆಯಲ್ಲಿರುವಾಗಲೇ, ಜೀಪಿನ ಒಳಗಿಂದ ಭರ್ರೆಂದು ಸದ್ದು ಬಂತು. ಆರತಿ ಫಕ್ಕನೆ ಆರಿತು. ಹರಿವಾಣದ ಕುಂಕುಮವೆಲ್ಲ ಹಾರಿ ಭಟ್ಟರ ಮುಖ, ಗಡ್ಡ, ಶಾಲು ಕೆಂಪಾಯಿತು. ಅಂಗಳಕ್ಕೆ ಅಂಗಳವೇ ಉಸಿರು ಹಿಡಿಯಿತು.

“ಎಂತ ಡಾಕ್ಟ್ರೆ ಇದು! ಆರತಿ ಬೇಡ ಹೇಳ್ತದಾ ನಿಮ್ಮ ಗಾಡಿ?” ಭಟ್ಟರು ಕಣ್ಣೊರೆಸಿಕೊಳ್ಳುತ್ತ ಕೇಳಿದರು.

ವನಜ ಬಿಳುಚಿಕೊಂಡಿದ್ದಳು. “ದೇವರ ಎದುರೇ ಹೀಗಾಯಿತಲ್ಲ. ಇನ್ನು ಇಟ್ಟುಕೊಳ್ಳುವುದು ಬೇಡ” ಎಂದು ಅಣ್ಣನಿಗೆ ಹೇಳಲು ಫೋನು ತೆಗೆದಳು.

ನಾನು ಭಟ್ಟರ ಕೆಂಪು ಮುಖವನ್ನೇ ನೋಡುತ್ತಿದ್ದೆ. ಕುಂಕುಮ ಅತ್ತ ಯಾಕೆ ಹಾರಿತು? ಗಾಡಿಯ ಒಳಗೆ ಹೋಗಬೇಕಿತ್ತಲ್ಲ! “ಅಯ್ಯಯ್ಯೋ, ಗಾಳಿ ಹೊರಗೆ ಬರ್ತಾ ಉಂಟು!” ಎಂದು ದೇವಸ್ಥಾನ ಎಂಬುದನ್ನೂ ಮರೆತು ಬೊಬ್ಬೆ ಹೊಡೆದೆ. ನನಗೆ ತಲೆ ಕೆಟ್ಟಿತೆಂದು ಜನ ಎರಡು ಹೆಜ್ಜೆ ಹಿಂದೆ ಸರಿದರು.

ರೇಡಿಯೇಟರಿನ ಹಿಂದೆ ಕೂತ ಫ್ಯಾನು ಮುಂದಿನ ಗಾಳಿಯನ್ನು ಒಳಕ್ಕೆ ಎಳೆಯಬೇಕು. ಮನೆಯ ಫ್ಯಾನಿನಂತಲ್ಲ, ಬ್ಯಾಟರಿಯ ಫ್ಯಾನಿಗೆ ತಂತಿ ಅದಲುಬದಲಾದರೆ ತಿರುಗುವ ದಿಕ್ಕೇ ಬದಲಾಗುತ್ತದೆ. ನಾನು ತಂತಿ ಅದಲುಬದಲು ಕೊಟ್ಟದ್ದರಿಂದ ಅವು ತಿರುಗುಮುರುಗಾಗಿ ತಿರುಗಿ ಹೊರಕ್ಕೆ ಊದುತ್ತಿದ್ದವು. ಜೀಪು ಓಡುವಾಗ ಎದುರುಗಾಳಿಯೊಂದಿಗೆ ಕುಸ್ತಿ, ನಡುವೆ ಬೆಂದದ್ದು ರೇಡಿಯೇಟರು. ರೋಗಿಯ ಬಾಯಿಂದ ನೀರು ಹೀರುವ ಯಂತ್ರವನ್ನು ದಿನವಿಡೀ ಹಿಡಿಯುವ ನನಗೆ ಊದುವುದಕ್ಕೂ ಹೀರುವುದಕ್ಕೂ ವ್ಯತ್ಯಾಸ ತಿಳಿಯಲಿಲ್ಲವಲ್ಲ ಎಂದು ದಂಗಾದೆ. ಮುಖಕ್ಕೆ ಗಾಳಿ ಬಂತು, ಸೆಕೆಯವನಿಗೆ ಅಷ್ಟೇ ಸಾಕಾಯಿತು. ದೇವರಿಗೆ ಚಾಮರ ಬೀಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬೀಸುವವನು ಬೆವರುತ್ತಾನೆ, ಗಾಳಿ ದೇವರಿಗೆ. ನಾನಾದರೋ ಜೀಪಿಗೆಂದು ಫ್ಯಾನು ತಂದು ಅದರ ಗಾಳಿಯನ್ನು ನಾನೇ ತಿನ್ನುತ್ತಿದ್ದೆ.

ಅಲ್ಲೇ ಬಾನೆಟ್ ಎತ್ತಿ ತಂತಿಗಳನ್ನು ಅದಲುಬದಲು ಮಾಡಿದೆ. ಭಟ್ಟರು ಮುಖ ತೊಳೆದು ಬಂದು, ಈ ಸಲ ಮಾರು ದೂರದಲ್ಲೇ ನಿಂತು, ಆರತಿ ಹೊತ್ತಿಸಿದರು. ನೀರಿನ್ನೂ ಬಿಸಿಯಿತ್ತು, ಫ್ಯಾನು ತಾನಾಗಿ ಹೊರಟಿತು. ಕರ್ಪೂರದ ಹೊಗೆ ಸೀದಾ ಜೀಪಿನ ಮೂತಿಯೊಳಗೆ ಹೋಯಿತು. “ಈಗ ತೆಗೆದುಕೊಂಡಿತು ನೋಡಿ” ಎಂದು ಭಟ್ಟರು ಜೋರಾಗಿ ಉಸಿರುಬಿಟ್ಟರು.

ವನಜ ಫೋನನ್ನು ಚೀಲಕ್ಕೆ ಹಾಕಲಿಲ್ಲ. “ಕಾರ್ಕಳದವರೆಗೆ ಹೋಗುವ. ಕುದಿದರೆ ಅಲ್ಲಿಂದಲೇ ಅಣ್ಣನಿಗೆ ಹೇಳುವುದು” ಎಂದಳು.

ಮಧ್ಯಾಹ್ನದ ಉರಿಬಿಸಿಲಿನಲ್ಲಿ ಹೊರಟೆವು. ಏರು ಬಂದಾಗೆಲ್ಲ ನನ್ನ ಕಣ್ಣು ಮುಳ್ಳಿಗೆ ಹೋಗುತ್ತಿತ್ತು, ಅದು ಮಾತ್ರ ನಡುವಿನಿಂದ ಅಲುಗಲಿಲ್ಲ. ಕಾರ್ಕಳದಲ್ಲಿ ನಿಲ್ಲಿಸಿದಾಗ ವನಜ ಇಳಿದು ಜೀಪಿನ ಮುಂದೆ ಅಂಗೈ ಹಿಡಿದಳು. “ಎಂತ ಇದು, ನಮಗೆ ಗಾಳಿಯೇ ಇಲ್ಲ!” ಎಂದು ಬೆರಗಾದಳು. ಆಮೇಲೆ ಫೋನು ಕಿವಿಗಿಟ್ಟಳು.

“ಅಣ್ಣಾ, ಆ ಗಿರಾಕಿಗೆ ಬೇರೆ ಗಾಡಿ ತೋರಿಸು” ಎಂದಳು.

ಜೀಪು ತಣ್ಣಗಿತ್ತು. ನಾನು ಅಂಗಿ ಮೈಗಂಟಿ, ಹಣೆಯಿಂದ ಬೆವರಿಳಿಯುತ್ತ ಸ್ಟೀರಿಂಗ್ ಹಿಡಿದು ಕೂತಿದ್ದೆ. ವನಜ ಪಕ್ಕದಲ್ಲಿ ಬಂದು ಕೂತು, ಸೀಟಿನ ಮೇಲಿದ್ದ ಪೇಪರನ್ನು ಮಡಿಸಿ, ತನ್ನ ಬೆವರನ್ನು ಒರೆಸಿಕೊಳ್ಳದೆ, ನನಗೆ ಬೀಸತೊಡಗಿದಳು.