ಕಂಬಳಿ ಸುತ್ತಿದ ಬುತ್ತಿ

ಕುಬಸದ ಬುತ್ತಿ ಅಂದರೆ ಸಾಕು, ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹೂವಿನ ಹಿಪ್ಪರಗಿಗೆ ಕೊಟ್ಟಿದ್ದ ನಮ್ಮ ಅಕ್ಕ ಚೊಚ್ಚಲ ಬಸುರಿ; ಆಕೆಯ ಕುಬಸ, ಅಂದರೆ ಸೀಮಂತ. ತವರಿನ ಬುತ್ತಿ ಬೀಗರ ಮುಂದೆ ಬಿಚ್ಚಿದಾಗ ಬೆಚ್ಚಗಿರಬೇಕು. ಅದು ನಮ್ಮ ಮನೆತನದ ಮರ್ಯಾದೆಯಂತೆ! ಅವ್ವ ಹಿಂದಿನ ಸಂಜೆಯೇ ಅನ್ನ ಮಾಡಿ, ಬಿಸಿ ಇರುವಾಗಲೇ ಬುಟ್ಟಿಗೆ ಒತ್ತಿ, ಸುತ್ತ ಕಂಬಳಿ ಬಿಗಿದಳು. ನಸುಕಿಗೆ ಸಿಂದಗಿ ಕಡೆಯ ನಮ್ಮೂರಿನಿಂದ ಗಾಡಿ ಹೊರಟಿತು. ಕೆಟ್ಟ ಬೇಸಿಗೆ.

ಬುಟ್ಟಿ ಹಿಡಿದು ಕೂತಿದ್ದವಳು ನಮ್ಮ ಅತ್ತೆ, ಅಪ್ಪನ ತಂಗಿ, ಗಂಡ ಸತ್ತವಳು. ದಾರಿಯಲ್ಲಿ ಆಕೆ ಬುಟ್ಟಿಯ ತಳ ಮುಟ್ಟಿ ನೋಡಿದಳು.

"ವೈನಿ, ಅನ್ನ ಲೋಳಿ ಬಿಟ್ಟೈತಿ. ಚೆಲ್ಲೂಣು. ಅಲ್ಲೇ ಹೋಗಿ ಹೊಸಾದು ಮಾಡೂಣು."

"ಶುಭಕಾರ್ಯಕ್ಕ ಹೊಂಟೇವಿ. ನಿನ್ನ ಬಾಯಾಗ ಒಂದು ಒಳ್ಳೇ ಮಾತು ಬರೂದಿಲ್ಲೇನು?" ಎಂದು ಅವ್ವ ಗದರಿದಳು. ಬಸುರಿಯ ಮುಂದಲ್ಲದೆ ಬುತ್ತಿ ಬಿಚ್ಚುವಂತಿರಲಿಲ್ಲ.

ಮೊದಲು ಅಕ್ಕನೇ ಉಂಡಳು. ಸಂಜೆಯೊಳಗೆ ವಾಂತಿ, ಭೇದಿ. ಉಂಡವರೆಲ್ಲ ಮಲಗಿದರು. ಅಕ್ಕನನ್ನು ಬಸವನ ಬಾಗೇವಾಡಿಯ ಡಾಕ್ಟರರಲ್ಲಿಗೆ ಒಯ್ದೆವು. ಅಕ್ಕ ಉಳಿದಳು, ಹೊಟ್ಟೆಯೊಳಗಿನ ಕೂಸು ಹೋಯಿತು.

ಡಾಕ್ಟರು ಬಿಡಿಸಿ ಹೇಳಿದರು: "ಅನ್ನ ಬೆಚ್ಚಗ ಮುಚ್ಚಿಟ್ಟರ ಕಣ್ಣಿಗೆ ಕಾಣದ ಹುಳ ಬೆಳದು ವಿಷ ಬಿಡ್ತಾವು. ಮತ್ತ ಕಾಸಿದರೂ ಆ ವಿಷ ಹೋಗೂದಿಲ್ಲ. ಮಾಡಿದ ಕೂಡ್ಲೇ ಉಣ್ರಿ."

"ಹೌದ್ರಿ, ಹೌದ್ರಿ" ಎಂದು ಎಲ್ಲರೂ ತಲೆಯಾಡಿಸಿದರು. ಹೊರಗೆ ಬಂದು ಗಾಡಿ ಹತ್ತಿದ್ದೇ ತಡ, ಬೀಗತಿ ಶುರು ಮಾಡಿದಳು: "ಗಂಡನ್ನ ತಿಂದಾಕಿ ಕಣ್ಣ ಬಿದ್ದಾವ, ಮತ್ತೇನಿಲ್ಲ." ಅವ್ವನೂ ಹೂಂ ಅಂದಳು. ಥೂ! ಚೆಲ್ಲು ಅಂದವಳೇ ಪಾಪಿ, ಕಂಬಳಿ ಬಿಗಿದವರು ಸಾಚಾ!

ಅಕ್ಕ ಮತ್ತೆ ಬಸುರಿಯಾದಳು. ಮತ್ತೆ ಅದೇ ಬುಟ್ಟಿ, ಅದೇ ಬಿಸಿ ಅನ್ನ, ಅದೇ ಕಂಬಳಿ. ಅತ್ತೆಗೆ ಮಾತ್ರ ಒಳಕೋಣೆ ಬಿಟ್ಟು ಬರಬೇಡ ಎಂಬ ಅಪ್ಪಣೆ. ನನಗೆ ತಡೆಯಲಾಗಲಿಲ್ಲ. ಕಂಬಳಿ ಕಿತ್ತೆಸೆದು, ಬುಟ್ಟಿಯನ್ನು ಅಂಗಳದಲ್ಲಿ ಬೋರಲು ಹಾಕಿದೆ. ಅವ್ವ ಕೆನ್ನೆಗೆ ಬಾರಿಸಿದಳು. "ಹೊಡಿ, ಎಷ್ಟರ ಹೊಡಿ! ಅತ್ತಿ ಬರದಿದ್ದರ ಈ ಗಾಡಿ ಹ್ಯಾಂಗ ಹೊಕ್ಕೈತಿ ನೋಡೇ ಬಿಡ್ತೇನಿ" ಎಂದು ಎತ್ತಿನ ಮುಂದೆ ನಿಂತೆ.

ಅತ್ತೆ ಬಂದಳು. ಬೀಗರ ಒಲೆಯ ಮೇಲೆ ಆಕೆಯೇ ಹೊಸ ಅನ್ನ ಮಾಡಿದಳು. ಅಕ್ಕ ಬಿಸಿಬಿಸಿ ಉಂಡಳು. ಅತ್ತೆಯನ್ನೂ ಕರೆಯೋಣವೆಂದು ಅಡುಗೆಮನೆಗೆ ಹೋದೆ. ತನ್ನ ಕಣ್ಣು ಅಕ್ಕನ ಮೇಲೆ ಬೀಳದಿರಲೆಂದು ಆಕೆ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ಕೂತಿದ್ದಳು.